ಕೊಂಬು ಕಲಿಸುವವರು ಯಾರು?

ಹಿತ್ತಾಳೆ ವಾದ್ಯಗಳಲ್ಲಿ ಸ್ವರ ಹುಟ್ಟುವುದು ಊದುವವರ ತುಟಿಯಲ್ಲಿ. ಆ ತುಟಿ ಪಳಗಲು ವರ್ಷಗಳು ಬೇಕು. ಕೊಡಗಿನ ಯಾವ ಮಂಗಳಕಾರ್ಯವೂ ಕೊಂಬಿಲ್ಲದೆ ಕಳೆಗಟ್ಟುವುದಿಲ್ಲ, ಆದರೆ ಕೊಂಬು ಕಲಿಯುವ ಕಷ್ಟವನ್ನು ನಾವು ವಿಚಾರಿಸಿಕೊಂಡಿದ್ದು ಕಡಿಮೆ.

ಕುಂಭ ಮಾಸದಲ್ಲಿ ಕಕ್ಕಬೆಯ ಪಾಡಿ ಇಗ್ಗುತ್ತಪ್ಪನಿಗೆ ಕಲಾಡ್ಚ ಹಬ್ಬ. ಅಕ್ಕಿ ಹೇರಿಕೊಂಡು ಸಿಂಗಾರಗೊಂಡ ಎತ್ತುಗಳು ದೇವಸ್ಥಾನಕ್ಕೆ ಬರುತ್ತವೆ, ದುಡಿಕೊಟ್ಟಿನ ಹಾಡು ಕೇಳುತ್ತದೆ, ಹರಕೆ ಹೊತ್ತವರ ತುಲಾಭಾರ ನಡೆಯುತ್ತದೆ. ಆಮೇಲೆ ಅರ್ಚಕರು ದೇವರ ಉತ್ಸವಮೂರ್ತಿಯಾದ ತಿಡಂಬನ್ನು ತಲೆಯ ಮೇಲೆ ಹೊತ್ತು ಮಲ್ಮ ಬೆಟ್ಟದತ್ತ ಹೊರಡುತ್ತಾರೆ. ಜೊತೆಯಲ್ಲೇ ವಾಲಗದವರು, ಪರೆ ಬಾರಿಸುವವರು, ಕೊಂಬಿನವರು. ಬರಿಗೈಯಲ್ಲಿ ಏರು ಹತ್ತುವವರಿಗೇ ಏದುಸಿರು ಬರುವ ದಾರಿ ಅದು. ಕೊಂಬಿನವನು ಅದೇ ದಾರಿಯಲ್ಲಿ ಹಿತ್ತಾಳೆಯ ಅರ್ಧಚಂದ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಉಸಿರೆಲ್ಲ ಒಟ್ಟುಗೂಡಿಸಿ ಊದಬೇಕು. ಕಾಲು ಬೆಟ್ಟ ಹತ್ತುತ್ತಿರಬೇಕು, ಎದೆ ಏದುತ್ತಿರಬೇಕು, ತುಟಿ ಮಾತ್ರ ಅಲುಗಬಾರದು. ತುಟಿ ಒಂದೆಳೆ ಸರಿದರೂ ಸ್ವರ ಒಡೆಯುತ್ತದೆ.

ಕೊಡಗಿನಲ್ಲಿ ಈ ನಾದ ಕೇಳದೆ ಬೆಳೆದವರಿಲ್ಲ. ಮದುವೆ ಮನೆಯಲ್ಲಿ ಅದು ಮೊಳಗಿದರೆ ಹಿರಿಯರ ಕಾಲೂ ತಾನಾಗಿ ಕುಣಿತಕ್ಕೆ ಹೊಂದಿಕೊಳ್ಳುತ್ತದೆ. ಸುಗ್ಗಿಯ ಹುತ್ತರಿ ಹಬ್ಬಕ್ಕೆ ಊರು ಸೇರುವ ಮಂದಿನಲ್ಲಿ, ಊರಿನ ದೇವರ ಹಬ್ಬದಲ್ಲಿ, ಕುಲದ ಮೂಲಮನೆಯಾದ ಐನ್‌ಮನೆಯ ಸಮಾರಂಭದಲ್ಲಿ ಕೊಂಬು ಇದ್ದೇ ಇರುತ್ತದೆ. ಇಷ್ಟು ಹತ್ತಿರದ ವಾದ್ಯವನ್ನು ಊದುವವನು ಅದನ್ನು ಎಲ್ಲಿ ಕಲಿತ, ಯಾರಿಂದ ಕಲಿತ, ಎಷ್ಟು ವರ್ಷ ಕಲಿತ ಎಂದು ಕೇಳುವವರು ಮಾತ್ರ ವಿರಳ. ‘ಅವರಿಗೆ ಅದು ರಕ್ತದಲ್ಲೇ ಬಂದಿದೆ’ ಎಂಬ ಒಂದು ಮಾತಿನಲ್ಲಿ ನಾವು ಆ ಪ್ರಶ್ನೆಯನ್ನು ಮುಗಿಸಿಬಿಡುತ್ತೇವೆ. ಕೊಂಬು ರಕ್ತದಲ್ಲಿ ಬರುವುದಿಲ್ಲ. ಟ್ರಂಪೆಟ್, ಬ್ಯೂಗಲ್, ಟ್ರಾಂಬೋನ್‌ಗಳ ಹಾಗೆ ಅದೂ ಕಷ್ಟಪಟ್ಟು ಕಲಿಯುವ ವಿದ್ಯೆ. ಹಿತ್ತಾಳೆ ವಾದ್ಯಗಳ ಕುಟುಂಬದಲ್ಲಿ ಬಹುಶಃ ಅತ್ಯಂತ ಕಠಿಣವಾದ ವಿದ್ಯೆಯೂ ಅದೇ.

ತುಟಿಯೊಳಗಿನ ಪಾಠ

ವೀಣೆಯ ತಂತಿ ಮೀಟಿದರೆ ಕಲಿಯದವರ ಬೆರಳಿಗೂ ಒಂದು ಸ್ವರ ಸಿಗುತ್ತದೆ. ಹಾರ್ಮೋನಿಯಂ ಮನೆ ಒತ್ತಿದರೆ ಮಗುವಿಗೂ ಷಡ್ಜ ಕೇಳಿಸುತ್ತದೆ. ಟ್ರಂಪೆಟ್ಟನ್ನು ಮೊದಲ ಸಲ ಬಾಯಿಗಿಟ್ಟು ಎಷ್ಟೇ ಬಲವಾಗಿ ಊದಿದರೂ ಆಚೆ ಬರುವುದು ಬರೀ ಗಾಳಿ. ಕೊಳವೆಗೆ ತನ್ನದೇ ಆದ ದನಿಯಿಲ್ಲ. ನಾಗಸ್ವರಕ್ಕೆ, ಕೊಡಗಿನ ವಾಲಗಕ್ಕೆ ಇರುವಂಥ ಪೀಪಿಯೂ ಹಿತ್ತಾಳೆ ವಾದ್ಯಗಳಿಗಿಲ್ಲ. ಪೀಪಿಯ ಕೆಲಸವನ್ನು ಊದುವವರ ತುಟಿಗಳೇ ಮಾಡಬೇಕು.

ಅದು ಹೀಗೆ ನಡೆಯುತ್ತದೆ. ಎರಡು ತುಟಿಗಳನ್ನು ಮೆಲ್ಲಗೆ ಕೂಡಿಸಬೇಕು. ಬಾಯಿಯ ಎರಡೂ ಮೂಲೆಗಳು ಬಿಗಿಯಾಗಿರಬೇಕು, ನಡುಭಾಗ ಮೃದುವಾಗಿರಬೇಕು. ಶ್ವಾಸಕೋಶದಿಂದ ಬಂದ ಗಾಳಿ ಆ ನಡುಭಾಗವನ್ನು ತಳ್ಳಿ ತೆರೆಯುತ್ತದೆ, ತುಟಿ ಮತ್ತೆ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ. ವಾದ್ಯಗೋಷ್ಠಿಗಳು ಶ್ರುತಿ ಕೂಡಿಸಿಕೊಳ್ಳುವ 440 ಹರ್ಟ್ಜ್‌ನ ಸ್ವರ ಬರಬೇಕಾದರೆ ತುಟಿಗಳು ಸೆಕೆಂಡಿಗೆ 440 ಸಲ ತೆರೆದು ಮುಚ್ಚಬೇಕು. ಇನ್ನೂ ಮೇಲಿನ ಸ್ವರಕ್ಕೆ ಇನ್ನೂ ಹೆಚ್ಚು ಸಲ. ಈ ಕಂಪನವನ್ನು ಕೊಳವೆ ಹಿಡಿದು ಬೆಳೆಸುತ್ತದೆ, ಅಗಲವಾದ ಬಾಯಿ ಅದನ್ನು ಹೊರಗೆ ಹರಡುತ್ತದೆ. ಹಾಗಾಗಿ ಒಳ್ಳೆಯ ಶಿಕ್ಷಕರು ಮೊದಲ ದಿನವೇ ವಾದ್ಯ ಕೊಡುವುದಿಲ್ಲ. ಮೊದಲು ಬರಿ ತುಟಿಯಲ್ಲಿ ‘ಬರ್ರ್’ ಎನ್ನಿಸುವುದನ್ನು ಕಲಿಸುತ್ತಾರೆ. ಆಮೇಲೆ ಮೌತ್‌ಪೀಸ್ ಒಂದನ್ನೇ ಕೊಟ್ಟು ಊದಿಸುತ್ತಾರೆ. ವಾದ್ಯ ಕೈಗೆ ಬರುವುದು ಅನಂತರ.

ಹಿತ್ತಾಳೆ ವಾದ್ಯ ಕಲಿಸುವುದರ ನಿಜವಾದ ಕಷ್ಟ ಇರುವುದು ಇಲ್ಲಿ. ತಬಲಾ ಗುರು ತನ್ನ ಬೆರಳನ್ನು ತೋರಿಸಬಹುದು, ಪಿಟೀಲು ಗುರು ಶಿಷ್ಯನ ಮಣಿಕಟ್ಟನ್ನು ಹಿಡಿದು ತಿದ್ದಬಹುದು. ಟ್ರಂಪೆಟ್ಟಿನ ಕೆಲಸವೆಲ್ಲ ಬಾಯೊಳಗೆ, ಗಂಟಲಲ್ಲಿ, ಪಕ್ಕೆಯಲ್ಲಿ ನಡೆಯುತ್ತದೆ. ನಾಲಗೆ ಎಷ್ಟು ಏರಿದೆ, ತುಟಿಯ ಸಂದು ಎಷ್ಟಿದೆ ಎಂಬುದು ಗುರುವಿನ ಕಣ್ಣಿಗೂ ಕಾಣದು, ಶಿಷ್ಯನ ಕಣ್ಣಿಗೂ ಕಾಣದು. ಕೇಳಿ ಊಹಿಸಬೇಕು, ಊಹಿಸಿ ತಿದ್ದಿಕೊಳ್ಳಬೇಕು. ಬರಬೇಕಾದ ಸ್ವರ ಊದುವ ಮೊದಲೇ ಮನಸ್ಸಿನಲ್ಲಿ ಕೇಳಿಸಿರಬೇಕು. ಹಾಡಲು ಬಾರದ ಸ್ವರವನ್ನು ಟ್ರಂಪೆಟ್ಟಿನಲ್ಲಿ ಊದುವುದೂ ಕಷ್ಟ.

ಕಲಿಯುವವರೆಲ್ಲ ಬೀಳುವ ಬಲೆ ಒಂದಿದೆ. ಮೇಲಿನ ಸ್ವರ ಬಾರದಿದ್ದಾಗ ಕೈ ತನಗರಿವಿಲ್ಲದೆ ವಾದ್ಯವನ್ನು ಬಾಯಿಗೆ ಒತ್ತುತ್ತದೆ. ಒತ್ತಿದರೆ ಆ ಕ್ಷಣಕ್ಕೆ ಸ್ವರ ಬರುವುದೂ ಉಂಟು. ಆದರೆ ಲೋಹದ ಅಂಚಿಗೂ ಹಲ್ಲಿಗೂ ನಡುವೆ ಸಿಕ್ಕ ತುಟಿಗೆ ರಕ್ತ ಹರಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ತುಟಿ ಊದಿಕೊಂಡು ಜಡವಾಗುತ್ತದೆ, ಕೆಳಗಿನ ಸ್ವರವೂ ಕೈಬಿಟ್ಟು ಹೋಗುತ್ತದೆ. ಜಗತ್ತೇ ಕೊಂಡಾಡಿದ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ 1930ರ ದಶಕದಲ್ಲಿ ತುಟಿ ಗಾಯಗೊಂಡು ತಿಂಗಳುಗಟ್ಟಲೆ ವಾದ್ಯ ಮುಟ್ಟದೆ ಇರಬೇಕಾಯಿತು. ಬಾಯಿಯ ಸುತ್ತಲಿನ ಸ್ನಾಯು ಹರಿಯುವ ಈ ತೊಂದರೆಗೆ ವೈದ್ಯರು ಆತನ ಅಡ್ಡಹೆಸರನ್ನೇ ಇಟ್ಟು ‘ಸ್ಯಾಚ್ಮೋ ಸಿಂಡ್ರೋಮ್’ ಎಂದು ಕರೆದರು. ಕೊಂಬಿನಲ್ಲಿ ಅಪಾಯ ಇನ್ನೂ ಹೆಚ್ಚು. ಬಾಗಿದ ಉದ್ದದ ಕೊಳವೆಯ ಭಾರವನ್ನು ಎತ್ತಿ ಹಿಡಿದಷ್ಟೂ ಅದು ಬಾಯಿಯತ್ತಲೇ ವಾಲುತ್ತದೆ.

ಗುಂಡಿಯಿಲ್ಲದ ಕೊಳವೆ

ಒಂದೇ ಉದ್ದದ ಕೊಳವೆಯಿಂದ ಬೇಕೆಂದ ಸ್ವರವೆಲ್ಲ ಬರುವುದಿಲ್ಲ. ಪ್ರಕೃತಿ ಅದಕ್ಕೆ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದೆ. ನಮ್ಮ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ ತಳದಲ್ಲಿ ಮಂದ್ರದ ‘ಸ’, ಅದರ ಮೇಲೆ ಇನ್ನೊಂದು ‘ಸ’, ಅದರ ಮೇಲೆ ‘ಪ’, ಮತ್ತೆ ‘ಸ’, ಆಮೇಲೆ ‘ಗ’, ಆಮೇಲೆ ‘ಪ’. ಏಳನೆಯ ಮೆಟ್ಟಿಲು ನಿಷಾದದ ಹತ್ತಿರ ಬರುತ್ತದೆ, ಆದರೆ ಶ್ರುತಿಯಲ್ಲಿ ತುಸು ಕೆಳಗೆ ನಿಲ್ಲುತ್ತದೆ. ಎಂಟನೆಯದು ಮತ್ತೆ ‘ಸ’. ಕೆಳಗೆ ಮೆಟ್ಟಿಲುಗಳ ನಡುವೆ ದೊಡ್ಡ ಅಂತರ, ಮೇಲೆ ಹೋದಷ್ಟೂ ಇಕ್ಕಟ್ಟು. ಒಂದರಿಂದ ಇನ್ನೊಂದಕ್ಕೆ ಹೋಗಲು ತುಟಿಯ ಬಿಗಿ ಮತ್ತು ಗಾಳಿಯ ವೇಗ ಎರಡನ್ನೇ ಬದಲಿಸಬೇಕು. ಸೈನಿಕ ಶಿಬಿರದಲ್ಲಿ ಊದುವ ಬ್ಯೂಗಲ್ಲಿಗೆ ಗುಂಡಿಯಿಲ್ಲ. ಬೆಳಗಿನ ಕರೆ, ಊಟದ ಕರೆ, ಮಡಿದ ಯೋಧನಿಗೆ ಸಲ್ಲಿಸುವ ‘ಲಾಸ್ಟ್ ಪೋಸ್ಟ್’ ಎಲ್ಲವೂ ಈ ಸ–ಪ–ಸ–ಗ–ಪಗಳಲ್ಲೇ ಮುಗಿಯುತ್ತವೆ. ಸ್ವರ ಕಡಿಮೆ ಇರುವುದರಿಂದ ತಪ್ಪು ಅಡಗಿಕೊಳ್ಳಲು ಜಾಗವಿಲ್ಲ. ಮೌನದ ನಡುವೆ ಒಂಟಿಯಾಗಿ ನಿಂತು ಬ್ಯೂಗಲ್ ಊದುವ ಸೈನಿಕನ ಮೇಲಿನ ಭಾರ ಎಂಥದೆಂದು ಮನೆಗೊಬ್ಬರನ್ನು ಸೇನೆಗೆ ಕಳಿಸಿದ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಯುರೋಪಿನಲ್ಲೂ ಬಹುಕಾಲ ಟ್ರಂಪೆಟ್ಟಿಗೆ ಗುಂಡಿ ಇರಲಿಲ್ಲ. ಜರ್ಮನ್ ಸಂಗೀತಕಾರ ಬಾಖ್‌ನ ಕಾಲದ ವಾದಕರು ಉದ್ದದ ಕೊಳವೆಯಲ್ಲಿ, ಮೆಟ್ಟಿಲುಗಳು ಒತ್ತೊತ್ತಾಗಿರುವ ಮೇಲಿನ ಭಾಗಕ್ಕೆ ಏರಿ ರಾಗದ ಎಳೆ ಹಿಡಿಯುತ್ತಿದ್ದರು. 1796ರಲ್ಲಿ ಹೈಡನ್ ತನ್ನ ಪ್ರಸಿದ್ಧ ಟ್ರಂಪೆಟ್ ಕಾನ್ಸರ್ಟೊ ಬರೆದದ್ದು ವಿಯೆನ್ನಾದ ಆಂಟನ್ ವೈಡಿಂಗರ್ ಬಳಸುತ್ತಿದ್ದ, ಕೊಳವೆಗೆ ರಂಧ್ರ ಕೊರೆದು ಮುಚ್ಚಳ ಕೂರಿಸಿದ ಹೊಸ ಬಗೆಯ ವಾದ್ಯಕ್ಕಾಗಿ. 1810ರ ದಶಕದಲ್ಲಿ ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲುಮೆಲ್ ವಾಲ್ವನ್ನು ರೂಪಿಸಿದ ಮೇಲೆ ಕಲಿಕೆಯ ಸ್ವರೂಪವೇ ಬದಲಾಯಿತು. ಈಗಿನ ಟ್ರಂಪೆಟ್ಟಿನ ಮೊದಲ ವಾಲ್ವ್ ಒತ್ತಿದರೆ ಸ್ವರ ಎರಡು ಅರ್ಧಸ್ಥಾನ ಕೆಳಗಿಳಿಯುತ್ತದೆ, ಎರಡನೆಯದು ಒಂದು, ಮೂರನೆಯದು ಮೂರು. ಮೂರನ್ನೂ ಬಗೆಬಗೆಯಾಗಿ ಕೂಡಿಸಿದರೆ ಒಂದೇ ವಾದ್ಯದಲ್ಲಿ ಏಳು ಉದ್ದದ ಕೊಳವೆಗಳು ಸಿಕ್ಕಂತೆ. ಮೆಟ್ಟಿಲುಗಳ ನಡುವಿನ ಕಂದಕ ತುಂಬಿತು. ಟ್ರಾಂಬೋನ್ ಇದೇ ಏಳು ಉದ್ದಗಳನ್ನು ಜಾರುವ ಕೊಳವೆಯಿಂದ ಪಡೆಯುತ್ತದೆ. ಅಲ್ಲಿ ಗುರುತಿನ ಗೆರೆಯಿಲ್ಲ, ಕಿವಿ ಹೇಳಿದಲ್ಲಿ ತೋಳು ನಿಲ್ಲಬೇಕು. 1864ರಲ್ಲಿ ಪ್ಯಾರಿಸ್ಸಿನ ಆರ್ಬಾನ್ ಬರೆದ ಪಾಠಪುಸ್ತಕವನ್ನು ಇಂದಿಗೂ ಜಗತ್ತಿನಾದ್ಯಂತ ಟ್ರಂಪೆಟ್ ವಿದ್ಯಾರ್ಥಿಗಳು ಮುಂದಿಟ್ಟುಕೊಂಡು ಅಭ್ಯಾಸ ಮಾಡುತ್ತಾರೆ.

ಕೊಂಬಿಗೆ ವಾಲ್ವೂ ಇಲ್ಲ, ಆರ್ಬಾನನ ಪುಸ್ತಕವೂ ಇಲ್ಲ. ಇರುವ ನಾಲ್ಕೈದು ಸ್ವರಗಳಲ್ಲಿ ಪರೆಯ ಪೆಟ್ಟಿಗೆ ಪೆಟ್ಟು ಕೂಡಿಸಬೇಕು, ವಾಲಗದ ಶ್ರುತಿಗೆ ಒಗ್ಗಬೇಕು, ಜೋಡಿ ಕೊಂಬಿನವನ ಉಸಿರಿನೊಂದಿಗೆ ಉಸಿರು ಹೊಂದಿಸಬೇಕು. ತ್ರಿಶೂರ್ ಪೂರಂನಲ್ಲಿ ಸಾಲಾಗಿ ನಿಂತ ಕೊಂಬಿನವರು ಏರಿಳಿಸುವ ‘ಕೊಂಬು ಪಾಟ್ಟ್’ ಕೇಳಿದವರಿಗೆ ಈ ಕೆಲವೇ ಸ್ವರಗಳಲ್ಲಿ ಎಷ್ಟೊಂದು ಲಯದ ಕಸುಬು ಅಡಗಿದೆಯೆಂದು ಗೊತ್ತು. ತುಳುನಾಡಿನ ದೈವಗಳ ಕೋಲದಲ್ಲೂ ಇದೇ ಕುಟುಂಬದ ವಾದ್ಯ ಮೊಳಗುತ್ತದೆ. ಘಟ್ಟದ ಎರಡೂ ಬದಿಯಲ್ಲಿ ಇದು ಬಾಯಿಂದ ಕಿವಿಗೆ ಬಂದ ವಿದ್ಯೆ. ಹಿರಿಯರ ಪಕ್ಕ ನಿಂತು ಕೇಳಿ, ಅವರು ಬಿಡುವು ತೆಗೆದುಕೊಂಡಾಗ ಊದಿ, ತಪ್ಪಿದಾಗ ಅವರ ಕಣ್ಸನ್ನೆಯಿಂದ ತಿದ್ದಿಕೊಂಡು ಬಂದದ್ದು.

ಮದುವೆ ಮನೆಯ ಪರೀಕ್ಷೆ

ಟ್ರಂಪೆಟ್ ಶಾಲೆಗಳಲ್ಲಿ ಹೇಳಿಕೊಡುವ ಮೊದಲ ನಿಯಮ, ಊದಿದಷ್ಟೇ ಹೊತ್ತು ವಿಶ್ರಾಂತಿ. ತುಟಿಯ ಸ್ನಾಯು ಸಣ್ಣದು, ಬೇಗ ದಣಿಯುತ್ತದೆ. ಕಲಿಯುವವರಿಗೆ ದಿನಕ್ಕೆ ಹಲವು ಸಲ, ಪ್ರತಿ ಸಲ ಕೆಲವೇ ನಿಮಿಷದ ಅಭ್ಯಾಸ ಒಳ್ಳೆಯದು. ದಣಿದ ಮೇಲೂ ಊದುತ್ತಾ ಹೋದರೆ ಕಲಿತದ್ದು ಹಾಳಾಗುತ್ತದೆ, ಕೆಟ್ಟ ಅಭ್ಯಾಸ ಉಳಿಯುತ್ತದೆ.

ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಡವ ಮದುವೆಯೊಂದನ್ನು ನೋಡಿ. ದಿಬ್ಬಣ ಬಂದಾಗ ಕೊಂಬು ಮೊಳಗಬೇಕು. ಒಡಿಕತ್ತಿಯಿಂದ ಬಾಳೆ ಕಡಿಯುವಾಗ ಮೊಳಗಬೇಕು. ಗಂಗಾಪೂಜೆ ಮುಗಿಸಿ ವಧು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಹೊರಟರೆ, ವರನ ಕಡೆಯವರು ದಾರಿ ಬಿಡದೆ ಅವಳ ಮುಂದೆ ಕುಣಿಯುತ್ತಾರೆ. ಗಂಟೆಗಟ್ಟಲೆ ಅವಳು ನಿಂತಲ್ಲೇ ನಿಲ್ಲಬೇಕು. ಅವಳ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಅಷ್ಟೂ ಹೊತ್ತು ವಾಲಗದವರೂ ಕೊಂಬಿನವರೂ ನಿಂತೇ ಇರುತ್ತಾರೆ. ಕುಣಿಯುವವರು ದಣಿದರೆ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಬಿಡಬಹುದು. ಊದುವವನ ಜಾಗಕ್ಕೆ ಬರಲು ಇನ್ನೊಬ್ಬನಿಲ್ಲ. ‘ಇನ್ನೊಂದು ಸುತ್ತು, ಇನ್ನೊಂದು ಸುತ್ತು’ ಎಂದು ಕುಣಿತದ ಕಡೆಯಿಂದ ಕೂಗು ಬರುತ್ತಲೇ ಇರುತ್ತದೆ. ಪ್ರೀತಿಯಿಂದ ಕೊಡುವ ಮದ್ಯ ಬಾಯಿಯನ್ನು ಒಣಗಿಸುತ್ತದೆ, ಒಣಗಿದ ತುಟಿ ಕಂಪಿಸುವುದಿಲ್ಲ. ಎಲೆಅಡಿಕೆ ಹೊಗೆಸೊಪ್ಪು ಹಲ್ಲನ್ನು ತಿನ್ನುತ್ತದೆ. ಮುಂದಿನ ಹಲ್ಲು ಅಲುಗಿತೆಂದರೆ ಕೊಂಬಿಗೆ ಆಧಾರವೇ ಹೋಯಿತು.

ಇದರ ಮೇಲೆ ಹವೆಯ ಕಾಟ. ಕಕ್ಕಬೆ 1748 ಮೀಟರ್ ಎತ್ತರದ ತಡಿಯಂಡಮೋಳಿನ ಬುಡದ ಊರು. ಹುತ್ತರಿಯ ಹೊತ್ತಿಗೆ ಇಲ್ಲಿ ಚಳಿ ಕಚ್ಚುತ್ತದೆ. ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗ ಕಡಿಮೆ, ಆದ್ದರಿಂದ ತಣ್ಣಗಿರುವ ವಾದ್ಯದ ಶ್ರುತಿ ಇಳಿದಿರುತ್ತದೆ. ಊದುತ್ತಾ ಬಿಸಿಯೇರಿದಂತೆ ಶ್ರುತಿಯೂ ಏರುತ್ತದೆ. ಉಸಿರಿನ ತೇವ ಲೋಹಕ್ಕೆ ತಾಗಿ ನೀರಾಗುತ್ತದೆ, ಆ ನೀರು ಕೊಳವೆಯಲ್ಲಿ ನಿಂತರೆ ಸ್ವರ ಗೊರಗುಟ್ಟುತ್ತದೆ. ಟ್ರಂಪೆಟ್ಟಿನಲ್ಲಿ ಇದನ್ನು ಬಸಿಯಲು ಪುಟ್ಟದೊಂದು ಕೀಲಿಯಿದೆ, ಕೊಂಬಿನವನು ವಾದ್ಯವನ್ನೇ ಬಗ್ಗಿಸಿ ಬಸಿಯಬೇಕು. ತುಂಡುಗಳನ್ನು ಕೂಡಿಸುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಸ್ವರ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಕೊಡಗಿನ ಮಳೆಗಾಲ. ಕಕ್ಕಡ ಮಾಸದಲ್ಲಿ ಶುಭಕಾರ್ಯಗಳಿಲ್ಲ, ಎಲ್ಲರೂ ನಾಟಿಯ ಗದ್ದೆಯಲ್ಲಿರುತ್ತಾರೆ. ಕೈಲ್‌ಮುಹೂರ್ತ ಹಬ್ಬ ಬರುವವರೆಗೆ ಕೊಂಬು ಗೋಡೆಯ ಮೇಲೆ ತೂಗುತ್ತಿರುತ್ತದೆ. ತುಟಿಯ ಸ್ನಾಯುವಾದರೋ ಕೆಲವೇ ವಾರಗಳ ಬಿಡುವಿನಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟ ಅನುಭವಿಯೂ ಮತ್ತೆ ಬುಡದಿಂದ ತುಟಿ ಕಟ್ಟಿಕೊಳ್ಳಬೇಕು. ಹೊಸದಾಗಿ ಕಲಿಯುವ ಹುಡುಗನ ಗತಿ ಇನ್ನೂ ಕಷ್ಟ. ಬೇಸಿಗೆಯ ಮದುವೆಗಳಲ್ಲಿ ಕಲಿತದ್ದನ್ನು ಮಳೆಗಾಲ ತೊಳೆದುಬಿಡುತ್ತದೆ. ಅವನ ವಯಸ್ಸಿನವರೆಲ್ಲ ಕೂಲಿ, ಓದು, ನಗರದ ಕೆಲಸ ಎಂದು ಹೊರಟಿರುವಾಗ ವರ್ಷಕ್ಕೆ ಕೆಲವೇ ದಿನ ಸಂಪಾದನೆ ಕೊಡುವ ವಿದ್ಯೆಗಾಗಿ ಅವನು ಊರಲ್ಲಿ ಉಳಿಯಬೇಕೇಕೆ?

ಮಾನ ಸಿಕ್ಕಲ್ಲಿ ವಿದ್ಯೆ ಉಳಿಯಿತು

1623ರಲ್ಲಿ ಯುರೋಪಿನ ಪವಿತ್ರ ರೋಮನ್ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ ತನ್ನ ಸಾಮ್ರಾಜ್ಯದ ಟ್ರಂಪೆಟ್ ಮತ್ತು ನಗಾರಿ ವಾದಕರ ಸಂಘಕ್ಕೆ ಸನ್ನದು ಬರೆದುಕೊಟ್ಟ. ಗುರುವಿನ ಬಳಿ ಗೊತ್ತುಪಡಿಸಿದ ಕಾಲ ಕಲಿಯದವರು ಟ್ರಂಪೆಟ್ ಊದುವಂತಿರಲಿಲ್ಲ. ವಾದಕರಿಗೆ ಅರಮನೆಯಲ್ಲೂ ಸೈನ್ಯದಲ್ಲೂ ಎತ್ತರದ ಸ್ಥಾನವಿತ್ತು. ಕೊಡಗಿನಲ್ಲಿ ಆದದ್ದು ಬೇರೆ. 1870ರಲ್ಲಿ ಪ್ರಕಟವಾದ ರಿಕ್ಟರ್ ಅವರ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಮೇದರನ್ನು ಬುಟ್ಟಿ ಚಾಪೆ ಹೆಣೆಯುವವರು, ಹಬ್ಬಗಳಲ್ಲಿ ವಾದ್ಯ ಬಾರಿಸುವವರು ಎಂದು ಗುರುತಿಸುತ್ತದೆ. ಮೇದ, ಕೆಂಬಟ್ಟಿ ಸಮುದಾಯಗಳವರು ತಲೆಮಾರುಗಳಿಂದ ಕೊಡಗಿನ ವಾಲಗವನ್ನು ಹೊತ್ತು ತಂದಿದ್ದಾರೆ. ಅವರ ನಾದ ಇಲ್ಲದೆ ದೇವರು ಗುಡಿಯಿಂದ ಹೊರಡುತ್ತಿರಲಿಲ್ಲ, ಆದರೆ ನಾದ ಕೊಟ್ಟವರು ಪಂಕ್ತಿಯ ಕೊನೆಯಲ್ಲಿದ್ದರು. ವಿದ್ಯೆಯನ್ನು ಜಾತಿಯ ಗುಣವೆಂದು ಕರೆದಾಗ ಅದಕ್ಕೆ ಗುರುದಕ್ಷಿಣೆ ಕೊಡುವ ಪ್ರಮೇಯವೇ ಬರುವುದಿಲ್ಲ. ‘ರಕ್ತದಲ್ಲೇ ಬಂದಿದೆ’ ಎಂಬ ಹೊಗಳಿಕೆಯ ಒಳಗೆ ಈ ಅನ್ಯಾಯ ಕೂತಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದರು. ಅದರಿಂದ ಹಾಡು ಉಳಿಯಿತು. ಕೊಂಬಿನ ಪಟ್ಟುಗಳಿಗೆ ಅಂಥ ದಾಖಲೆಯ ಅಗತ್ಯ ಇಂದಿಗೂ ಇದೆ.

ಹಿತ್ತಾಳೆ ವಾದ್ಯ ಕಲಿಸಲು ಸಂಸ್ಥೆ ಬೇಕೆಂಬುದನ್ನು ಚೆನ್ನಾಗಿ ಬಲ್ಲವರೊಬ್ಬರು ಕೊಡಗಿನವರೇ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರ ಆಸಕ್ತಿಯಿಂದ ಮರುವರ್ಷವೇ ಮಧ್ಯಪ್ರದೇಶದ ಪಚ್‌ಮಡಿಯಲ್ಲಿ ಸೇನಾ ಸಂಗೀತ ಶಾಲೆ ಆರಂಭವಾಯಿತು. ನಮ್ಮ ಪಲ್ಟನ್ನುಗಳ ಬ್ಯಾಂಡುಗಳಿಗೆ ಅಲ್ಲಿ ತರಬೇತಿ ಸಿಗುತ್ತದೆ. ದೆಹಲಿಯ ವಿಜಯ್ ಚೌಕದಲ್ಲಿ ಪ್ರತಿ ವರ್ಷ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್‌ನ ಶಿಸ್ತಿನ ಹಿಂದೆ ಇಂಥ ತರಬೇತಿಯಿದೆ. ಮೈಸೂರಿನಲ್ಲೂ ಅರಮನೆ ಪಾಶ್ಚಾತ್ಯ ಬ್ಯಾಂಡನ್ನು ಸಂಬಳ ಕೊಟ್ಟು ಸಾಕಿತು, ಜರ್ಮನಿಯ ಓಟೊ ಶ್ಮಿಟ್ ಅದರ ನಿರ್ದೇಶಕರಾಗಿದ್ದರು. ಆ ಪರಂಪರೆಯನ್ನು ಇಂದು ಪೊಲೀಸ್ ಬ್ಯಾಂಡ್ ದಸರೆಯಲ್ಲಿ ಮುಂದುವರಿಸುತ್ತಿದೆ. ಕಲಿಯುವವನಿಗೆ ಸಂಬಳ, ಕಲಿಸುವವನಿಗೆ ಸ್ಥಾನ, ಅಭ್ಯಾಸಕ್ಕೆ ಸಮಯ ಈ ಮೂರೂ ಇದ್ದಲ್ಲಿ ಹಿತ್ತಾಳೆ ಹೊಳೆಯುತ್ತದೆ.

ಕಕ್ಕಡದಲ್ಲೇ ಶುರುವಾಗಲಿ

ಕೊಂಬಿಗೂ ಈ ಮೂರನ್ನು ಒದಗಿಸುವುದು ಅಸಾಧ್ಯವೇನಲ್ಲ. ಶುಭಕಾರ್ಯಗಳಿಲ್ಲದ ಮಳೆಗಾಲವೇ ಕಲಿಕೆಯ ಕಾಲವಾಗಬಹುದು. ನಾಪೋಕ್ಲು, ಕಕ್ಕಬೆ ಸುತ್ತಿನ ಶಾಲೆಯೊಂದರ ಕೊಠಡಿಯಲ್ಲಿ ಸಂಜೆ ಅರ್ಧ ಗಂಟೆ ಸಾಕು, ತುಟಿಗೆ ಅದಕ್ಕಿಂತ ಹೆಚ್ಚು ಬೇಡ. ಗುರುಗಳಾಗಿ ಈಗ ಊದುತ್ತಿರುವ ಹಿರಿಯರೇ ಬರಲಿ, ಅವರಿಗೆ ಸರಿಯಾದ ಸಂಭಾವನೆ ಸಿಗಲಿ. ಸೇನೆಯ ಬ್ಯಾಂಡಿನಲ್ಲಿ ದುಡಿದು ನಿವೃತ್ತರಾದವರಿದ್ದರೆ ಉಸಿರಾಟದ, ತುಟಿ ಕಾಪಾಡಿಕೊಳ್ಳುವ ಕ್ರಮವನ್ನು ಅವರು ಹೇಳಿಕೊಡಲಿ. ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಡ್ರಮ್ಮಿನ ಜೊತೆ ಬ್ಯೂಗಲ್ ಹಿಡಿಯುವ ಶಾಲಾ ಮಕ್ಕಳಿಗೆ ಕೊಂಬಿನ ಸ್ವರಗಳು ದೂರದವಲ್ಲ, ಎರಡೂ ಅದೇ ಸ–ಪ–ಸ ಮೆಟ್ಟಿಲುಗಳನ್ನು ಹತ್ತುತ್ತವೆ. ಕಲಿಯಲು ಬರುವವರಿಗೆ ಜಾತಿಯ ಕಟ್ಟು ಬೇಡ, ಹುಡುಗಿಯರಿಗೂ ಬಾಗಿಲು ತೆರೆದಿರಲಿ. ಆದರೆ ಈ ವಿದ್ಯೆಯನ್ನು ಇಷ್ಟು ಕಾಲ ಕಾದುಕೊಂಡು ಬಂದ ಮನೆಗಳ ಮಕ್ಕಳಿಗೆ ಮೊದಲ ಮಣೆ ಸಲ್ಲಬೇಕು. ಕೊಡವ ಸಾಹಿತ್ಯ ಅಕಾಡೆಮಿಯಂಥ ಸಂಸ್ಥೆಗಳು ಒಂದೊಂದು ಸಂದರ್ಭದ ಪಟ್ಟುಗಳನ್ನು, ಊದಿದವರ ಹೆಸರಿನ ಸಮೇತ, ಧ್ವನಿಮುದ್ರಿಸಿ ಇಡಬೇಕು.

ಇದಕ್ಕೆಲ್ಲ ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಿಲ್ಲ. ಮದುವೆಯ ಮನೆಯವರು ಇಂದೇ ಮಾಡಬಹುದಾದದ್ದು ಬೇಕಾದಷ್ಟಿದೆ. ಕೊಂಬಿನವರಿಗೆ ಕೂರಲು ಕುರ್ಚಿ ಹಾಕಿ. ಮದ್ಯಕ್ಕೆ ಮೊದಲು ನೀರು ಕೊಡಿ. ಪ್ರತಿ ಸುತ್ತಿನ ನಡುವೆ ಬಿಡುವು ಕೊಡಿ. ಊಟಕ್ಕೆ ಅತಿಥಿಗಳ ಸಾಲಿನಲ್ಲೇ ಕೂರಿಸಿ. ಕೊನೆಯದಾಗಿ, ಮುಂದಿನ ಸಲ ಕೊಂಬಿನವರಿಗೆ ವೀಳ್ಯ ಕೊಡುವಾಗ ಕಲಿಯುತ್ತಿರುವ ಒಬ್ಬರನ್ನೂ ಜೊತೆಗೆ ಕರೆತರಲು ಹೇಳಿ, ಅವರಿಗೂ ಆ ದಿನದ ಸಂಭಾವನೆ ಕೊಟ್ಟು ಕಳಿಸಿ.